ಪರಿಮಳಾಳ ಉದ್ದನೆಯ ಸೂತ್ರ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗಣಿತದವರಿಗೆ ಮೂಲೆಯ ಮೇಜು. ಯಾರೋ ಕೊಟ್ಟ ಶಿಕ್ಷೆಯಲ್ಲ, ಅವರೇ ಆರಿಸಿಕೊಂಡದ್ದು. ಅಲ್ಲಿ ಫ್ಯಾನಿನ ಗಾಳಿ ಬರುವುದಿಲ್ಲ, ಹಾಗಾಗಿ ಹಾಳೆ ಹಾರುವುದಿಲ್ಲ. ಶಹಾಪುರದ ಬಿಸಿಲಿನಲ್ಲಿ ಗಾಳಿ ಬೇಡ, ಹಾಳೆ ನೆಟ್ಟಗಿದ್ದರೆ ಸಾಕು ಎನ್ನುವವರನ್ನು ನಾನು ಹುಚ್ಚರೆಂದೇ ತಿಳಿದಿದ್ದೆ. ಪರಿಮಳಾ ಆ ಮೇಜಿಗೆ ಬಂದ ಮೇಲೆ ನನ್ನ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಯಿತು.

ನಾನು ರತ್ನಾಬಾಯಿ, ಕನ್ನಡ ಕಲಿಸುವವಳು. ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ಶಹಾಪುರಕ್ಕೆ ಬಂದು ಹೋಗುತ್ತೇನೆ. ಪರಿಮಳಾ ಗಣಿತದ ಅತಿಥಿ ಉಪನ್ಯಾಸಕಿ. ಸರ್ಕಾರದ ಭಾಷೆಯಲ್ಲಿ ಅತಿಥಿ ಎಂದರೆ ಊಟಕ್ಕೆ ಕೂರಿಸುವವರಲ್ಲ, ಯಾವಾಗ ಬೇಕಾದರೂ ಎಬ್ಬಿಸಬಹುದಾದವರು. ಆಕೆಯ ಊರು ಪಕ್ಕದ ಭೀಮರಾಯನಗುಡಿ. ಅಪ್ಪ ಮರಿಲಿಂಗಪ್ಪ ಅಲ್ಲಿನ ನೀರಾವರಿ ಕ್ಯಾಂಪಿನಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಮಾಡಿ ನಿವೃತ್ತರಾದವರು. ಅಜ್ಜನ ಕಾಲದಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡ ಮನೆತನ. ತಮ್ಮನ ಹೆಸರು ಬುದ್ಧಪ್ರಿಯ, ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ.

ಆಕೆ ಪಿಎಚ್‌ಡಿಗೆ ಹಿಡಿದ ವಿಷಯದ ಹೆಸರು ಕೇಳಿದರೆ ನಮ್ಮ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದವರು ಕೆಮ್ಮುತ್ತಿದ್ದರು. ಕ್ವಾಂಟಮ್ ಕೊಹೊಮಾಲಜಿ, ಅದರ ಬೀಜಗಣಿತವನ್ನು ಬಾಗಿಸುವುದು. ಇತಿಹಾಸದ ಸಿಕಂದರ ಸರ್ ಒಂದು ದಿನ ತಡೆಯಲಾರದೆ, ಇದೇನು ರೋಗದ ಹೆಸರೋ, ಔಷಧಿಯ ಹೆಸರೋ ಎಂದು ಕೇಳಿಯೇಬಿಟ್ಟರು. ಪರಿಮಳಾಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಆಕೆ ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತಳು.

ಸುರಪುರದ ಸೀಮೆಯೂ ಗುರುಮಠಕಲ್ಲಿನ ಸೀಮೆಯೂ ಎಲ್ಲಾದರೂ ಮುಟ್ಟುತ್ತವೆಯೇ ಎಂದು ಕೇಳಿದಳು. ಇಲ್ಲ ಎಂದರು ಸಿಕಂದರ. ಹಾಗಾದರೆ ಹಳೆಯ ಲೆಕ್ಕದಲ್ಲಿ ಅವೆರಡರ ಗುಣಾಕಾರ ಸೊನ್ನೆ, ಎಂದಳು. ರೇಖಾಗಣಿತದ ಒಂದು ದೊಡ್ಡ ಆಕಾರದೊಳಗೆ ಚಿಕ್ಕ ಚಿಕ್ಕ ಆಕಾರಗಳಿರುತ್ತವೆ. ಎರಡು ಆಕಾರಗಳನ್ನು ಗುಣಿಸುವುದೆಂದರೆ ಅವು ಎಲ್ಲಿ ಕೂಡುತ್ತವೆ ಎಂದು ನೋಡುವುದು. ಕೂಡದಿದ್ದರೆ ಸೊನ್ನೆ. ಆದರೆ ಸುರಪುರವನ್ನೂ ಗುರುಮಠಕಲ್ಲನ್ನೂ ಮುಟ್ಟಿ ಹೋಗುವ ಬಸ್ಸು ಇದೆಯಲ್ಲ? ಹೊಸ ಲೆಕ್ಕ ಆ ಬಸ್ಸಿನ ದಾರಿಯನ್ನೂ ಎಣಿಸುತ್ತದೆ. ಬಸ್ಸಿನ ದಾರಿ ಎಂದರೆ ವಕ್ರರೇಖೆ. ದಾರಿ ಉದ್ದವಾದಷ್ಟೂ ಅದರ ಪಕ್ಕದಲ್ಲಿ 'ಕ್ಯೂ' ಎಂಬ ಅಕ್ಷರವನ್ನು ಹೆಚ್ಚು ಸಲ ಬರೆಯುತ್ತಾರೆ. ಆ ಕ್ಯೂವನ್ನು ಸೊನ್ನೆ ಮಾಡಿದರೆ ಎಲ್ಲ ಬಸ್ಸು ಬಂದ್, ಹಳೆಯ ಲೆಕ್ಕವೇ ವಾಪಸು. ಸೊನ್ನೆಯಿಂದ ಸ್ವಲ್ಪ ಸ್ವಲ್ಪ ಏರಿಸಿದರೆ ಹಳೆಯ ಬೀಜಗಣಿತ ಸ್ವಲ್ಪ ಸ್ವಲ್ಪ ಬಾಗುತ್ತದೆ.

ಸಿಕಂದರ ಸರ್‌ಗೆ ಬಸ್ಸು ಅರ್ಥವಾಯಿತು. ಬಾಗಿಸಿ ಏನು ಮಾಡುತ್ತೀರಿ ಎಂದರು. ಬಾಗಿದ ಮೇಲೂ ಮುರಿಯಬಾರದ ಒಂದು ನಿಯಮವಿದೆ, ಅದನ್ನು ಕಾಯುತ್ತೇನೆ, ಎಂದಳು. ನಾವೆಲ್ಲ ಶಾಲೆಯಲ್ಲಿ ಕಲಿತು ಮರೆತ ಸಹವರ್ತನೀಯ ನಿಯಮ. ಮೂರನ್ನು ಗುಣಿಸುವಾಗ ಮೊದಲ ಎರಡನ್ನು ಮೊದಲು ಗುಣಿಸಿದರೂ, ಕೊನೆಯ ಎರಡನ್ನು ಮೊದಲು ಗುಣಿಸಿದರೂ ಉತ್ತರ ಒಂದೇ ಬರಬೇಕು. ಪರಿಮಳಾ ಆ ಹೊಸ ಗುಣಾಕಾರಕ್ಕೆ ಇನ್ನೊಂದು ತಿರುಪು ಸೇರಿಸಿದ್ದಳು. ಅದನ್ನು ಎಷ್ಟು ತಿರುಗಿಸಿದರೂ ನಿಯಮ ಉಳಿಯುತ್ತದೆ ಎಂದು ಸಾಧಿಸಿದ್ದಳು. ಸಾಧಿಸಿದ್ದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಸೂತ್ರದಲ್ಲಿ. ಅದರ ಚೆಂದ ನನ್ನಂಥವಳ ಕಣ್ಣಿಗೂ ಕಾಣುತ್ತಿತ್ತು.

ಆ ಸೂತ್ರವನ್ನು ಆಕೆಗಿಂತ ಹೆಚ್ಚು ಪ್ರೀತಿಸಿದವರು ಆಕೆಯ ಗೈಡ್ ವಿಶ್ವರಾಧ್ಯ ಸರ್. ಅವರೂ ಇದೇ ಜಿಲ್ಲೆಯವರು, ಶಹಾಪುರದ ಕಡೆಯ ಒಕ್ಕಲು ಮನೆತನದವರು. ನಮ್ಮ ಭಾಗದಲ್ಲಿ ಈ ವಿಷಯ ಬಲ್ಲ ಇನ್ನೊಬ್ಬ ಗೈಡ್ ಇರಲಿಲ್ಲ. ಪರಿಮಳಾಳ ಸೂತ್ರ ಅವರಿಬ್ಬರ ಹೆಸರಿನಲ್ಲಿ ಒಂದು ಒಳ್ಳೆಯ ಗಣಿತ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಕೆಯ ಹೆಸರು ಮೊದಲು, ಅವರದು ಎರಡನೆಯದು. ಅದು ತಮ್ಮ ಜೀವಮಾನದ ಅತ್ಯುತ್ತಮ ಕೆಲಸ ಎಂದು ಸರ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಜೂನ್ ಕೊನೆಗೆ ಅವರು ನಿವೃತ್ತರಾಗಬೇಕಿತ್ತು. ಅಷ್ಟರೊಳಗೆ ಪರಿಮಳಾ ಥೀಸಿಸ್ ಒಪ್ಪಿಸದಿದ್ದರೆ ಹೊಸ ಗೈಡ್ ಬೇಕು, ಹೊಸ ಗೈಡ್ ಇಲ್ಲ, ಹಾಗಾಗಿ ನೋಂದಣಿಯೂ ಇಲ್ಲ, ಇಷ್ಟು ವರ್ಷದ ದುಡಿಮೆಯೂ ಇಲ್ಲ. ಆದರೆ ಹೆದರುವಂಥದ್ದೇನೂ ಇರಲಿಲ್ಲ. ಮಾರ್ಚಿನಲ್ಲೇ ಥೀಸಿಸ್ ಸಿದ್ಧವಾಗಿತ್ತು, ಅಚ್ಚಿಗೆ ಕೊಡುವುದೊಂದೇ ಬಾಕಿ.

ಆಗ ಬುದ್ಧಪ್ರಿಯನ ಮದುವೆಯ ಮಾತು ಬಂತು.

ಹುಡುಗಿ ಸುರಪುರದವಳು, ಮಲ್ಲೇಶ್ವರಿ ಎಂದು ಹೆಸರು, ಬಿ.ಎಡ್. ಓದುತ್ತಿದ್ದಳು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗಿಯ ಮನೆಯಲ್ಲಿ ನಡೆದ ಹಿರಿಯರ ಮಾತುಕತೆಗೆ ನನ್ನನ್ನೂ ಕರೆದರು. ಕನ್ನಡ ಮೇಡಂ ಇದ್ದರೆ ಮಾತು ಕೆಡುವುದಿಲ್ಲವಂತೆ. ಮಾತು ಕೆಡಿಸುವುದರಲ್ಲಿ ಕನ್ನಡದವರಷ್ಟು ನುರಿತವರಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ. ಆವತ್ತು ನಿಜವಾಗಿ ಮಾತು ನಡೆಸಿದವಳು ಕರೆಮ್ಮ, ಮರಿಲಿಂಗಪ್ಪನವರ ಅಕ್ಕ, ಪರಿಮಳಾಗೆ ಸೋದರತ್ತೆ.

ಕರೆಮ್ಮನಿಗೆ ವರಸೆಯ ಲೆಕ್ಕ ಎಂದರೆ ಉಸಿರು. ವರಸೆ ಎಂದರೆ ಯಾರು ಯಾರಿಗೆ ಏನಾಗಬೇಕು ಎನ್ನುವುದು. ಈ ಸೀಮೆಯಲ್ಲಿ ಹೊಸಬರು ಮನೆಗೆ ಬಂದರೆ ನೀರು ಕೊಟ್ಟು, ಊರು ಕೇಳಿ, ಮುಂದಿನ ಮಾತಿಗೇ ಅವರು ನಮಗೆ ಮಾವ ಆಗಬೇಕೋ ಅಣ್ಣ ಆಗಬೇಕೋ ಎಂದು ಲೆಕ್ಕ ಹಾಕಿಬಿಡುತ್ತಾರೆ. ಅದರ ಮೇಲೆಯೇ ಯಾರನ್ನು ಚೇಷ್ಟೆ ಮಾಡಬಹುದು, ಯಾರ ಎದುರು ತಲೆ ತಗ್ಗಿಸಬೇಕು, ಯಾರಿಗೆ ಹೆಣ್ಣು ಕೊಡಬಹುದು ಎಂಬುದೆಲ್ಲ ನಿಲ್ಲುತ್ತದೆ. ಅತ್ತೆಯ ಮಗಳಾದರೆ ಮದುವೆಗೆ ಸೈ. ಅಣ್ಣನ ಮಗಳಾದರೆ ಅವಳು ಮಗಳ ಸಮಾನ, ಆ ಮಾತು ಎತ್ತುವಂತೆಯೇ ಇಲ್ಲ. ನಮ್ಮ ಲಂಬಾಣಿ ತಾಂಡಾದಲ್ಲಿ ಗೋತ್ರ ಬೇರೆಯಾದರೆ ಸಾಕು, ಕೆಲಸ ಸಲೀಸು. ಇಲ್ಲಿನ ಲೆಕ್ಕ ಕೇಳುತ್ತ ಕೂತರೆ ನನಗೆ ಜೋಂಪು ಹತ್ತುತ್ತದೆ.

ಆವತ್ತು ಮಾತ್ರ ಜೋಂಪು ಹತ್ತಲಿಲ್ಲ. ಹುಡುಗಿಯ ಕಡೆಯ ಹಿರಿಯ ವೆಂಕಟಪ್ಪ ಎಂಬುವರು ಇದ್ದಕ್ಕಿದ್ದಂತೆ ಒಂದು ತಕರಾರು ತೆಗೆದರು. ಹುಡುಗನ ತಾಯಿಯ ಕಡೆಯಿಂದ ಹಿಡಿದುಕೊಂಡು ಹೋದರೆ, ನಾಲ್ಕಾರು ಮನೆ ದಾಟಿದ ಮೇಲೆ, ಮಲ್ಲೇಶ್ವರಿಯ ಅಪ್ಪ ಬುದ್ಧಪ್ರಿಯನಿಗೆ ಅಣ್ಣ ಆಗಬೇಕು. ಹಾಗಾದರೆ ಹುಡುಗಿ ಮಗಳ ವರಸೆಯವಳು. ಮನೆಯಲ್ಲಿ ಎಲ್ಲರ ಮುಖ ಬಾಡಿತು. ಒಳಗಿನಿಂದ ಮಂಡಕ್ಕಿಯ ಸುಸಲಾ ತಂದವರು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಕರೆಮ್ಮ ಮಾತ್ರ ಎಲೆಅಡಿಕೆಯ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ನಿಧಾನಕ್ಕೆ ಮಡಿಚಿದಳು.

"ನಮ್ಮ ಚಿಕ್ಕಪ್ಪನ ಮಗಳ ಮಗಳು ಇಕಿ. ನಮ್ಮ ಹುಡುಗಗ ಅತ್ತಿ ಮಗಳು ಆಗಬೇಕು. ಹತ್ತಿರದ ದಾರಿ ಸಿಕ್ಕ ಮ್ಯಾಲ ದೂರದ್ದು ಎಣಸಂಗಿಲ್ಲ, ವೆಂಕಟಪ್ಪ. ಅದನ್ನ ಬಿಟ್ಟುಬಿಡಬೇಕು."

ಮುಗಿಯಿತು. ವೆಂಕಟಪ್ಪನವರೂ ತಲೆಯಾಡಿಸಿದರು. ಅವರ ಮನೆಯಲ್ಲೂ ಲೆಕ್ಕ ನಡೆಯುವುದು ಹಾಗೆಯೇ. ಸಾಲು ಸಾಲಾಗಿ ಸಂಬಂಧ ಬೆಳೆಸಿಕೊಂಡವರಲ್ಲಿ ಯಾರನ್ನು ಹಿಡಿದರೂ ಎರಡು ಮೂರು ದಾರಿ ಸಿಗುತ್ತವೆ. ಹತ್ತಿರದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಮರೆಯದಿದ್ದರೆ ಯಾರ ಮನೆಯಲ್ಲೂ ಮದುವೆ ಆಗುವುದಿಲ್ಲ. ಸುಸಲಾ ಬಂತು, ಚಹಾ ಬಂತು, ನಗು ಬಂತು. ಪರಿಮಳಾ ಮಾತ್ರ ತಟ್ಟೆ ಹಿಡಿದುಕೊಂಡು ಕೂತೇ ಇದ್ದಳು, ಒಂದು ಕಾಳೂ ಬಾಯಿಗೆ ಹಾಕಲಿಲ್ಲ.

ವಾಪಸು ಬರುವಾಗ ಟೆಂಪೋದ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದಳು. ದೂರದ ದಾರಿಯನ್ನು ಎಣಿಸದಿದ್ದರೆ ಅದು ಇಲ್ಲವೇ ಇಲ್ಲ ಎಂದಾಗುತ್ತದೆಯೇ ಎಂದು ಕೇಳಿದಳು. ತಮ್ಮನ ಮದುವೆಗೆ ಇವಳೇ ಕಲ್ಲು ಹಾಕುತ್ತಾಳೆ ಎಂದು ನನಗೆ ಕೋಪ ಬಂತು. ಕೂಡಿಬಂದ ಸಂಬಂಧವನ್ನು ಕೆದಕಬೇಡ ಎಂದು ಗದರಿದೆ.

"ಮದುವಿ ಮಾತಲ್ಲ, ರತ್ನಕ್ಕ. ಅತ್ತಿ ಲೆಕ್ಕ ಅತ್ತಿಗೆ ಸರಿ ಐತಿ. ನನ್ನ ಲೆಕ್ಕದಾಗೂ ನಾ ಹಂಗೇ ಮಾಡೀನಿ."

ಮರುದಿನ ಖಾಲಿ ತರಗತಿಯೊಂದಕ್ಕೆ ನನ್ನನ್ನು ಎಳೆದುಕೊಂಡು ಹೋಗಿ ಬೋರ್ಡಿನ ಮೇಲೆ ತೋರಿಸಿದಳು. ಥೀಸಿಸ್ಸಿನ ನಡುಮಧ್ಯೆ ಒಂದು ಸಾಲು. ಎರಡು ಆಕಾರಗಳ ನಡುವೆ ಗಿಡ್ಡನೆಯ ವಕ್ರರೇಖೆ ಸಿಕ್ಕಿದರೆ ಉದ್ದನೆಯವುಗಳನ್ನು ಎಣಿಸಬೇಕಿಲ್ಲ, ಇದು ಸ್ಪಷ್ಟ, ಎಂದು ಬರೆದಿದ್ದಳು. ಯಾಕೆ ಸ್ಪಷ್ಟ ಎಂದು ಆಕೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಚಿಕ್ಕಂದಿನಿಂದ ಕರೆಮ್ಮನ ಮಗ್ಗುಲಲ್ಲಿ ಕೂತು ಲೆಕ್ಕ ಕೇಳಿದವಳಿಗೆ ಅದು ಗಾಳಿ ನೀರಿನಷ್ಟು ಸಹಜವಾಗಿತ್ತು. ವಿಶ್ವರಾಧ್ಯ ಸರ್ ಕೂಡ ಅಲ್ಲಿ ನಿಂತಿರಲಿಲ್ಲ. ಅವರೂ ಇಂಥದೇ ಅತ್ತೆಯರ ನಡುವೆ ಬೆಳೆದವರು. ಪತ್ರಿಕೆಯವರ ಕಣ್ಣಿಗೂ ಬೀಳಲಿಲ್ಲ. ಲೇಖನದಲ್ಲಿ ಕೊಟ್ಟ ಉದಾಹರಣೆಗಳಲ್ಲೆಲ್ಲ ಉದ್ದನೆಯ ರೇಖೆಗಳ ಪಾಲು ಸೊನ್ನೆಯೇ ಬರುತ್ತಿತ್ತು.

ಪರಿಮಳಾ ಈಗ ಸ್ವಲ್ಪ ದೊಡ್ಡ ಆಕಾರವೊಂದನ್ನು ಹಿಡಿದು ತನ್ನ ಪುಟ್ಟ ಸೂತ್ರದಿಂದಲೇ ಲೆಕ್ಕ ಮಾಡಿದಳು. ಮೂರು ವಸ್ತು ತೆಗೆದುಕೊಂಡು ಎಡದಿಂದ ಗುಣಿಸಿದಳು, ಬಲದಿಂದ ಗುಣಿಸಿದಳು. ಎರಡು ಉತ್ತರಗಳನ್ನು ಒಂದರ ಕೆಳಗೊಂದು ಬರೆದಳು. ನನಗೆ ಗಣಿತ ಬಾರದಿದ್ದರೇನು, ಎರಡು ಸಾಲು ಒಂದೇ ಅಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಅವಳ ನಿಯಮ ಮುರಿದುಹೋಗಿತ್ತು.

ಚಾಕ್‌ಪೀಸು ಕೆಳಗಿಟ್ಟು ಕೈ ಝಾಡಿಸಿಕೊಂಡಳು. ಅಳುತ್ತಾಳೆಂದು ನಾನು ಸೆರಗು ಸರಿಮಾಡಿಕೊಂಡು ಸಮಾಧಾನದ ಮಾತು ಹುಡುಕುತ್ತಿದ್ದೆ. ಆಕೆ ಡಸ್ಟರ್ ಎತ್ತಿ ಬೋರ್ಡು ಒರೆಸಿ, ಉದ್ದನೆಯ ರೇಖೆಗಳನ್ನು ಸೇರಿಸಿ ಮೊದಲಿನಿಂದ ಶುರುಮಾಡಿದಳು. ನನ್ನ ಸಮಾಧಾನದ ಮಾತು ನನ್ನಲ್ಲೇ ಉಳಿಯಿತು.

ಆ ವಾರವೇ ರೈಲು ಹತ್ತಿ ವಿಶ್ವವಿದ್ಯಾಲಯಕ್ಕೆ ಹೋಗಿ ವಿಶ್ವರಾಧ್ಯ ಸರ್‌ಗೆ ಹೇಳಿದಳು. ಅಲ್ಲಿ ನಡೆದದ್ದನ್ನು ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುತ್ತ ಒಪ್ಪಿಸಿದಳು. ಮೊದಲು ಸರ್ ನಂಬಲಿಲ್ಲ. ಆಮೇಲೆ ಬಾಗಿಲು ಮುಂದೆ ಮಾಡಿ, ಈಗ ಇದ್ದ ಹಾಗೆಯೇ ಒಪ್ಪಿಸಿಬಿಡು, ಡಿಗ್ರಿ ಕೈಗೆ ಬಂದ ಮೇಲೆ ತಿದ್ದಿದರಾಯಿತು ಎಂದರು. ಪರೀಕ್ಷಕರು ಅಷ್ಟು ಒಳಗೆ ಇಳಿಯುವುದಿಲ್ಲ ಎಂದರು. ಅದಕ್ಕೆ ಆಕೆ ಒಪ್ಪದಿದ್ದಾಗ ಒಂದು ಷರತ್ತು ಸೇರಿಸು, ಉದ್ದನೆಯ ರೇಖೆಗಳ ಪಾಲು ಸೊನ್ನೆಯಾದಾಗ ಮಾತ್ರ ಎಂದು ಬರೆ ಎಂದರು. ಷರತ್ತು ಹಾಕಿದರೆ ಥೀಸಿಸ್ ಸುಳ್ಳಾಗುವುದಿಲ್ಲ, ಆದರೆ ಉಳಿಯುವುದು ಎಲ್ಲರಿಗೂ ಮೊದಲೇ ಗೊತ್ತಿದ್ದ ನಾಲ್ಕು ಉದಾಹರಣೆ. ಅಚ್ಚಾದ ಲೇಖನವಂತೂ ಸುಳ್ಳಾಗಿಯೇ ಇರುತ್ತದೆ. ಲೇಖನವನ್ನೂ ತಿದ್ದಬೇಕು ಸರ್ ಎಂದಳಂತೆ. ಆಗ ಅವರಿಗೆ ನಿಜವಾಗಿ ಸಿಟ್ಟು ಬಂತು. ಇಡೀ ಜನ್ಮದ ಕೆಲಸಕ್ಕೆ ನಿವೃತ್ತಿಯ ಬಾಗಿಲಲ್ಲಿ ಮಸಿ ಬಳಿಯುತ್ತೀಯಾ ಎಂದು ಕೇಳಿದರು. ಜೂನ್ ದಾಟಿದ ಮೇಲೆ ನನ್ನ ಹತ್ತಿರ ಬರಬೇಡ ಎಂದೂ ಹೇಳಿದರು.

ನೀನೇನು ಹೇಳಿದೆ ಎಂದು ಕೇಳಿದೆ. ಸರಿ ಸರ್, ಜೂನ್ ಒಳಗೇ ಬರುತ್ತೇನೆ ಎಂದು ಹೇಳಿ ಬಂದೆ ಎಂದಳು. ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.

ನಾನು ವಿಶ್ವರಾಧ್ಯರನ್ನು ಬೈದೆ. ಪರಿಮಳಾ ನನ್ನನ್ನು ತಡೆದಳು. ಭೀಮರಾಯನಗುಡಿಯಿಂದ ಎಂ.ಎಸ್ಸಿ. ಮುಗಿಸಿ ಹೋದವಳಿಗೆ ಬೇರೆ ಗೈಡುಗಳೆಲ್ಲ, ಬಿ.ಎಡ್. ಮಾಡಿ ಶಾಲೆ ಸೇರಿಕೋ ಎಂದು ಬುದ್ಧಿ ಹೇಳಿ ಕಳಿಸಿದ್ದರು. ಈ ಮನುಷ್ಯ ಮಾತ್ರ ಎದುರಿಗೆ ಕೂರಿಸಿ ಒಂದು ಲೆಕ್ಕ ಕೊಟ್ಟು, ಮುಂದಿನ ವಾರ ಬಾ ಎಂದಿದ್ದರು. ಅದನ್ನು ಆಕೆ ಮರೆಯುವವಳಲ್ಲ. ಹಾಗೆಂದು ಸುಳ್ಳನ್ನು ಹಾಗೆಯೇ ಉಳಿಯಲು ಬಿಡುವವಳೂ ಅಲ್ಲ. ಇವೆರಡನ್ನೂ ಒಟ್ಟಿಗೆ ಹೊತ್ತುಕೊಂಡು ಆಕೆ ಬೇಸಿಗೆಗೆ ಇಳಿದಳು.

ಆ ಬೇಸಿಗೆಯನ್ನು ನಾನು ಚೆನ್ನಾಗಿ ಬಲ್ಲೆ. ತನ್ನ ಪರೀಕ್ಷಾ ಮೇಲ್ವಿಚಾರಣೆಯ ಪಾಳಿಗಳನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಳು. ಬೆಳಿಗ್ಗೆ ತಂಪು ಇರುವಾಗಲೇ ಬಂದು ಆ ಖಾಲಿ ತರಗತಿ ಹಿಡಿಯುತ್ತಿದ್ದಳು. ಕಿಟಕಿಯಾಚೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಹತ್ತು ಗಂಟೆಗೇ ಕಾಯತೊಡಗುತ್ತಿತ್ತು. ಮನೆಯಲ್ಲಿ ಮದುವೆಯ ಗದ್ದಲ. ಬಟ್ಟೆ ತರಬೇಕು, ಪೆಂಡಾಲಿಗೆ ಹೇಳಬೇಕು, ಕರೆಮ್ಮನನ್ನು ಊರೂರಿಗೆ ಕರೆಯಲು ಕಳಿಸಬೇಕು. ಹಿರಿಯ ಮಗಳು ಬೋರ್ಡಿನ ಮುಂದೆ ನಿಂತಿದ್ದಾಳೆಂದು ಬೀಗರಿಗೆ ಹೇಳುವುದು ಹೇಗೆ ಎಂದು ತಾಯಿ ಗೊಣಗುತ್ತಿದ್ದರು. ಮರಿಲಿಂಗಪ್ಪನವರು ಮಗಳನ್ನು ಒಂದೇ ಒಂದು ಮಾತು ಕೇಳಿದರಂತೆ, ಮಾಡುವುದು ಪೂರಾ ಆಗುತ್ತದೆಯೇ ಎಂದು. ಗೊತ್ತಿಲ್ಲ ಅಪ್ಪ ಎಂದಳಂತೆ. ಗೊತ್ತಾಗುವ ತನಕ ಮಾಡು ಎಂದು ಅವರೇ ಪೆಂಡಾಲಿನವನ ಹತ್ತಿರ ಹೋದರು.

ಕೆಲಸ ಸುಲಭದ್ದಾಗಿರಲಿಲ್ಲ. ರೇಖೆಯ ಮೇಲಿನ ನಾಲ್ಕು ಗುರುತುಗಳನ್ನು ಎರಡೆರಡಾಗಿ ಹಂಚುವ ಎಲ್ಲ ಬಗೆಗಳನ್ನೂ, ಪ್ರತಿ ಬಗೆಗೂ ಗಿಡ್ಡ, ಉದ್ದ, ಇನ್ನೂ ಉದ್ದದ ರೇಖೆಗಳನ್ನೂ ಎಣಿಸಬೇಕು. ಎಲ್ಲವನ್ನೂ ಸೇರಿಸಿದ ಮೇಲೂ ಎಡಕ್ಕೂ ಬಲಕ್ಕೂ ಒಂದು ಪದದ ಅಂತರ ಉಳಿಯುತ್ತಿತ್ತು. ಯಾವ ಕಡೆಯಿಂದ ಬಂದರೂ ಅದೇ ಪದ. ಹಾಳಾದ್ದು ಹಿಂಬಾಲಿಸುತ್ತಿದೆ ಎಂದು ಒಮ್ಮೆ ಬೈದಳು. ಪರಿಮಳಾ ಬೈದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನಿಂದ ಸಂಗತಿ ತಿಳಿದ ಸಿಕಂದರ ಸರ್‌ಗೂ ಈಗ ಚಿಂತೆ ಹತ್ತಿಕೊಂಡಿತ್ತು. ಇಡೀ ಜಿಲ್ಲೆಯಲ್ಲಿ ಈ ತಪ್ಪು ಗೊತ್ತಿರುವುದು ನಿಮಗೆ, ನಿಮ್ಮ ಗೈಡಿಗೆ, ನಮಗಿಬ್ಬರಿಗೆ, ನಾವು ಯಾರಿಗೂ ಹೇಳುವುದಿಲ್ಲ ಎಂದು ಪ್ರೀತಿಯಿಂದಲೇ ಹೇಳಿದರು. ನನಗೆ ಗೊತ್ತಾಯಿತಲ್ಲ ಸರ್, ಅಷ್ಟು ಸಾಕು ಎಂದಳು. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಮರುದಿನದಿಂದ ಆಕೆಯ ತರಗತಿಗೆ ಚಹಾ ಕಳಿಸತೊಡಗಿದರು.

ಮೇ ತಿಂಗಳಲ್ಲಿ ಮದುವೆಯಾಯಿತು. ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಎಲ್ಲರೂ ಎದ್ದು ನಿಂತು ತ್ರಿಶರಣ ಹೇಳಿದರು, ಹಾರ ಹಾಕಿದರು, ಊಟಕ್ಕೆ ಕೂತರು. ಪರಿಮಳಾ ಹೊಸ ಸೀರೆಯುಟ್ಟು ಪಂಕ್ತಿಯಲ್ಲಿ ಹುಗ್ಗಿ ಬಡಿಸಿದಳು. ಮಲ್ಲೇಶ್ವರಿಯನ್ನು ಕೈಹಿಡಿದು ಮನೆತುಂಬಿಸಿಕೊಂಡಳು. ಆ ಒಂದು ದಿನ ಲೆಕ್ಕದ ಮಾತೇ ಆಡಲಿಲ್ಲ. ಕರೆಮ್ಮ ಎಲ್ಲರಿಗೂ ಮಲ್ಲೇಶ್ವರಿ ಏನಾಗಬೇಕು ಎಂದು ಹೇಳಿಕೊಂಡು ಓಡಾಡಿದಳು. ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಬಂದರೆ ಪರಿಮಳಾ ಅರಿಶಿನದ ಕೈಯಲ್ಲೇ ಚಾಕ್‌ಪೀಸು ಹಿಡಿದಿದ್ದಳು.

ಜೂನ್ ಮೊದಲ ಮಳೆ ಬಿದ್ದ ವಾರ ಅಂತರ ಹೋಯಿತು. ಕೆಲವು ಉದ್ದನೆಯ ರೇಖೆಗಳು ನಡುವೆ ಎರಡು ತುಂಡಾಗುತ್ತವೆ. ಅಂಥವನ್ನು ಆಕೆ ಇಡೀ ರೇಖೆಯ ಲೆಕ್ಕದಲ್ಲೂ ತುಂಡುಗಳ ಲೆಕ್ಕದಲ್ಲೂ ಸೇರಿಸುತ್ತಿದ್ದಳು. ಮೊದಲು ಬಿಟ್ಟಿದ್ದೇ ತಪ್ಪು ಎಂಬ ಹಟದಲ್ಲಿ ಈಗ ಒಂದನ್ನೇ ಎರಡು ಸಲ ಎಣಿಸಿದ್ದಳು. ಅದನ್ನು ಸರಿಪಡಿಸಿದ ಮೇಲೆ ಎಡದ ಉತ್ತರ, ಬಲದ ಉತ್ತರ ಅಕ್ಷರ ಅಕ್ಷರ ಕೂಡಿದವು. ನನ್ನನ್ನು ಕರೆದಳು. ಬೋರ್ಡಿನ ಈ ತುದಿಯಿಂದ ಆ ತುದಿಗೆ ಒಂದೇ ಸೂತ್ರ, ಆಮೇಲೆ ಕೆಳಗಿನ ಸಾಲಿಗೂ ಇಳಿದಿತ್ತು. ಮೊದಲಿನ ಪುಟ್ಟ ಸೂತ್ರದ ಚೆಂದ ಅದಕ್ಕೆ ಇರಲಿಲ್ಲ. ಇಷ್ಟು ಉದ್ದದ್ದನ್ನು ಯಾರು ಓದುತ್ತಾರೆ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ಉದ್ದ ಐತಿ ಖರೇ, ರತ್ನಕ್ಕ. ಆದ್ರ ಎರಡೂ ಕಡಿ ಒಂದೇ ಬರ್ತದ."

ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ವರ್ಣಿಸಲಾರೆ, ಕನ್ನಡ ಕಲಿಸುವವಳಾಗಿದ್ದೂ ವರ್ಣಿಸಲಾರೆ. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ಸಾಕು.

ಹೊಸ ಲೆಕ್ಕವನ್ನು ಆವತ್ತೇ ವಿಶ್ವರಾಧ್ಯ ಸರ್‌ಗೆ ಕಳಿಸಿದಳು. ಉತ್ತರ ಬರಲಿಲ್ಲ. ಫೋನು ಮಾಡಿದಳು, ಎತ್ತಲಿಲ್ಲ. ಆಕೆ ಕಾಯುತ್ತ ಕೂರಲಿಲ್ಲ. ಥೀಸಿಸ್ಸಿನ ಮೂರು ಅಧ್ಯಾಯಗಳನ್ನು ತೆಗೆದುಹಾಕಿ ಹೊಸದಾಗಿ ಬರೆದಳು. ಮೊದಲ ಅಧ್ಯಾಯದಲ್ಲೇ, ಅಚ್ಚಾದ ಲೇಖನದ ಮುಖ್ಯ ಫಲಿತಾಂಶ ತಪ್ಪು ಎಂದು ನೇರವಾಗಿ ಹೇಳಿದಳು. ಪತ್ರಿಕೆಗೆ ಕಳಿಸಲು ಒಂದು ಪುಟದ ತಿದ್ದುಪಡಿಯನ್ನೂ ಸಿದ್ಧಮಾಡಿದಳು. ಗೈಡಿನ ಸಹಿ ಇಲ್ಲದೆ ಥೀಸಿಸ್ ಯಾರೂ ತೆಗೆದುಕೊಳ್ಳುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಚ್ಚು ಹಾಕಿಸಿ, ರಟ್ಟು ಕಟ್ಟಿಸಿದಳು. ಜೂನ್ ಕೊನೆಯ ದಿನ ನನ್ನನ್ನೂ ಎಬ್ಬಿಸಿಕೊಂಡು ಯಾದಗಿರಿಯಲ್ಲಿ ರೈಲು ಹತ್ತಿದಳು. ದಾರಿಯುದ್ದಕ್ಕೂ ಆ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ನಾನು ಕೇಳಿದರೂ ಕೊಡಲಿಲ್ಲ.

ವಿಭಾಗದಲ್ಲಿ ಬೀಳ್ಕೊಡುಗೆಯ ಸಡಗರ. ಹಾರ, ಶಾಲು, ಹಣ್ಣಿನ ಬುಟ್ಟಿ ಮೇಜಿನ ಮೇಲಿದ್ದವು, ಸಭೆಗೆ ಕುರ್ಚಿ ಹಾಕುತ್ತಿದ್ದರು. ವಿಶ್ವರಾಧ್ಯ ಸರ್ ತಮ್ಮ ಕೋಣೆಯಲ್ಲಿದ್ದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ದೊಡ್ಡ ಆಳು ಇರಬಹುದು ಎಂದುಕೊಂಡಿದ್ದೆ, ಸಣ್ಣಗೆ ಸೊರಗಿದ ಮನುಷ್ಯ, ಹಣೆಯ ಮೇಲೆ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. ಎದುರಿನ ಮೇಜು ಕಾಣದಷ್ಟು ಹಾಳೆಗಳು. ಪರಿಮಳಾ ಕಳಿಸಿದ ಲೆಕ್ಕ, ಅದರ ಅಂಚಿನಲ್ಲೆಲ್ಲ ಕೆಂಪು ಪೆನ್ನು.

ಕೂಡು ಎನ್ನಲಿಲ್ಲ. ಇಬ್ಬರೂ ನಿಂತೇ ಇದ್ದೆವು. ಫೋನು ಯಾಕೆ ಎತ್ತಲಿಲ್ಲ ಎಂದು ಅವರೇ ಹೇಳಿದರು. ಲೆಕ್ಕ ಬಂದ ದಿನದಿಂದ ಅವರು ಮಾಡಿದ ಕೆಲಸ ಒಂದೇ, ಅದರಲ್ಲಿ ತಪ್ಪು ಹುಡುಕುವುದು. ಪುಟ್ಟ ಸೂತ್ರ ಉಳಿಯಬೇಕಾದರೆ ಉದ್ದನೆಯದು ತಪ್ಪಾಗಲೇಬೇಕಿತ್ತು. ಆಕೆಯ ಉದಾಹರಣೆಯನ್ನು ಬೇರೆ ದಾರಿಯಿಂದ ಮಾಡಿದರು, ಇನ್ನೂ ದೊಡ್ಡ ಆಕಾರ ಹಿಡಿದು ಮಾಡಿದರು. ಎಲ್ಲಾದರೂ ಎಡ ಬಲ ತಪ್ಪುತ್ತದೆ ಎಂದು ಕಾದರು.

"ಸಿಗಲಿಲ್ಲ," ಎಂದರು.

ಪರಿಮಳಾ ಕಟ್ಟನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದಳು. ಇವಳು ಈಗ ಸಹಿ ಕೇಳುತ್ತಾಳೆ ಎಂದು ನಾನು ಕಾದೆ. ನಾನಾಗಿದ್ದರೆ ಕಾಲು ಹಿಡಿದಾದರೂ ಕೇಳುತ್ತಿದ್ದೆ.

"ನಿಮಗ ಇನ್ನೂ ಅನುಮಾನ ಇದ್ರ ಹುಡುಕ್ರಿ, ಸರ್," ಎಂದಳು. "ಇವತ್ತ ದಿನ ಹೋದ್ರ ಹೋಗ್ಲಿ. ನೀವು ನಂಬಲಾರದ್ದಕ್ಕ ನೀವು ಸಹಿ ಮಾಡಬ್ಯಾಡ್ರಿ."

 ಇಷ್ಟು ವರ್ಷದ ದುಡಿಮೆಯನ್ನು ಈ ಹುಡುಗಿ ಅಷ್ಟು ನೆಟ್ಟಗೆ ನಿಂತು ಪಣಕ್ಕಿಟ್ಟಳು, ಬೇಕಾದರೆ ತೆಗೆದುಕೊಳ್ಳಿ, ಇಲ್ಲವಾದರೆ ಬಿಡಿ ಎನ್ನುವ ಹಾಗೆ. ಸರ್ ಕೈ ಚಾಚಿದರು.  ಆಕೆ ಕೊಟ್ಟದ್ದು ಥೀಸಿಸ್ಸನ್ನಲ್ಲ, ಮೇಲಿದ್ದ ಒಂದು ಪುಟವನ್ನು, ಪತ್ರಿಕೆಗೆ ಕಳಿಸುವ ತಿದ್ದುಪಡಿಯನ್ನು. ಇದನ್ನು ಮೊದಲು ಓದಿ ಎಂದಳು.

ಓದಿದರು. ಅದರಲ್ಲಿ ಏನಿದೆ ಎಂದು ರೈಲಿನಲ್ಲೇ ನನಗೆ ಹೇಳಿದ್ದಳು. ಇಂಥ ಲೇಖನದ ಮುಖ್ಯ ಫಲಿತಾಂಶ ತಪ್ಪು. ತಪ್ಪಿದ ಹೆಜ್ಜೆ ತನ್ನದು, ಅದನ್ನು ಬರೆದವಳು ತಾನು. ಕೆಳಗೆ ಆಕೆಯ ಹೆಸರು, ಆಕೆಯ ಸಹಿ. ಸರ್ ಹೆಸರು ಎಲ್ಲಿಯೂ ಇರಲಿಲ್ಲ. ಅವರ ಹೆಸರಿಗೆ ಮಸಿ ಹತ್ತಬಾರದೆಂದು ಇಡೀ ತಪ್ಪನ್ನು ತಾನೇ ಹೊತ್ತಿದ್ದಳು. ಯಾಕೆ ಹಾಗೆ ಮಾಡಿದೆ ಎಂದು ನಾನು ರೈಲಿನಲ್ಲಿ ಜಗಳವಾಡಿದ್ದೆ.

ಹೊರಗಿನಿಂದ ಯಾರೋ ಬಂದು ಸಭೆ ಶುರುವಾಗುತ್ತದೆ, ಬರಬೇಕು ಸರ್ ಎಂದರು. ಸರ್ ಕೈಸನ್ನೆ ಮಾಡಿ ಅವರನ್ನು ಕಳಿಸಿದರು. ಹಾಳೆಯನ್ನು ಇನ್ನೊಮ್ಮೆ ಓದಿ ಕನ್ನಡಕ ತೆಗೆದರು.

"ಸೂತ್ರ ಚೆಂದಿದ್ದಾಗ ಇಬ್ಬರ ಹೆಸರ ಇತ್ತಲ್ಲವಾ," ಎಂದರು. "ಈಗ ತಪ್ಪು ನಿನಗೊಬ್ಬಾಕಿಗೇ ಯಾಕ?"

 ಅವರು ಕೆಂಪು ಪೆನ್ನು ಬದಿಗಿಟ್ಟು ನೀಲಿ ಪೆನ್ನು ಹುಡುಕಿದರು. ಆಕೆಯ ಹೆಸರಿನ ಮೇಲೆ ಜಾಗವಿತ್ತು. ಅಲ್ಲಿ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದು, ಸಹಿ ಹಾಕಿ, ದಿನಾಂಕ ಹಾಕಿದರು. ಲೇಖನದಲ್ಲಿ ಅವರ ಹೆಸರು ಎರಡನೆಯದಾಗಿತ್ತು. ತಪ್ಪಿನ ಕೆಳಗೆ ಅವರು ಅದನ್ನು ಮೊದಲನೆಯದಾಗಿ ಬರೆದರು.

ನನ್ನ ಕಣ್ಣು ತುಂಬಿ ಬಂತು. ನಮ್ಮ ತಾಂಡಾದಲ್ಲಾಗಲಿ, ಅವಳ ಕೇರಿಯಲ್ಲಾಗಲಿ, ತಪ್ಪು ಯಾವಾಗಲೂ ನಮ್ಮೊಬ್ಬರದೇ ಆಗಿರುತ್ತದೆ. ಗೇಟು ಕೆಟ್ಟರೆ ಗೇಟು ತಿರುಗಿಸಿದವನದು, ಮಕ್ಕಳು ಫೇಲಾದರೆ ಅತಿಥಿ ಉಪನ್ಯಾಸಕಿಯದು. ಮೇಲೆ ಕೂತವರು ಇಳಿದು ಬಂದು ಅದರಲ್ಲಿ ತಮ್ಮ ಪಾಲನ್ನು ಕೇಳಿ ತೆಗೆದುಕೊಂಡದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಪರಿಮಳಾ ಅಳಲಿಲ್ಲ. ಆ ಪುಟ ತೆಗೆದು ಚೀಲಕ್ಕೆ ಹಾಕಿಕೊಂಡು, ಥೀಸಿಸ್ಸಿನ ಕಟ್ಟನ್ನು ಅವರ ಮುಂದೆ ಇಟ್ಟಳು. ಸಹಿ ಮಾಡಬೇಕಾದ ಜಾಗ ಬಿಚ್ಚಿ ತೋರಿಸಿದಳು.

"ಲಗೂನ ಮಾಡ್ರಿ ಸರ್, ಕೌಂಟರ್ ಬಂದ್ ಮಾಡ್ತಾರ," ಎಂದಳು.  ಸರ್ ಪ್ರತಿ ಕಾಪಿಗೂ ಸಹಿ ಮಾಡಿದರು. ಆಮೇಲೆ ತಮ್ಮ ಸಭೆಯನ್ನು ಕಾಯಲು ಬಿಟ್ಟು, ನಮ್ಮ ಜೊತೆ ಥೀಸಿಸ್ ಒಪ್ಪಿಸುವ ಕೌಂಟರಿನ ತನಕ ನಡೆದು ಬಂದರು.